30 ಪೌಂಡಿನ ಹಾಡು

ಹೋದ ಸಲ ಮೆಂತೆಹಿಟ್ಟಿನ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ, ಖುಷಿ ಆತು. ಈ ಸಲ ಅಡಗಿ ಮಾತಲ್ಲ, ಹಾಡಿನ ಮಾತು. ಅದೂ ಇಂಗ್ಲೆಂಡಿನ ರಾಕ್ ಹಾಡು. "ಈ ವಯಸ್ಸಿನ್ಯಾಗ ಇಕಿಗೇನಾತವಾ" ಅಂತ ನಗಬ್ಯಾಡ್ರಿ. ಪೂರ್ತಿ ಓದ್ರಿ, ಕಡೀಕ ನಮ್ಮನಿ ಮಾತೇ ಬರ್ತದ.

1987ನೇ ಇಸವಿ ಇರಬೇಕು, ನಾ ಪಿಯುಸಿ ಓದ್ತಿದ್ದೆ. ನಮ್ಮಣ್ಣ ಹಾಸ್ಟೆಲ್‌ನಿಂದ ಸೂಟಿಗೆ ಬಂದಾಗ ಒಂದು ಕ್ಯಾಸೆಟ್ ತಂದಿದ್ದ. ಅಂಗಡ್ಯಾಗ ಕೊಂಡಿದ್ದಲ್ಲ. ಗೆಳೆಯನ ಕ್ಯಾಸೆಟ್‌ನಿಂದ ಕಾಪಿ ಮಾಡಿದ್ದು, ಆ ಗೆಳೆಯ ಇನ್ನೊಬ್ಬನಿಂದ ಕಾಪಿ ಮಾಡಿದ್ದು. ಮ್ಯಾಲೆ ಬಾಲ್‌ಪೆನ್ನಿಲೆ 'ಪಿಂಕ್ ಫ್ಲಾಯ್ಡ್' ಅಂತ ಅಷ್ಟೇ ಬರದಿತ್ತು. ಅವಾ ಪಡಸಾಲ್ಯಾಗ ಅದನ್ನ ಹಚ್ಚಿ ಕೂಡಾಂವ, ನಾ ಅಡಗಿಮನ್ಯಾಗ ಚಪಾತಿ ಲಟ್ಟಿಸ್ತ ಕೇಳ್ತಿದ್ದೆ. ಇಂಗ್ಲೀಷ್ ಹಾಡಿನ ಶಬ್ದ ಒಂದೂ ತಿಳೀತಿದ್ದಿಲ್ಲ. ಆದ್ರ ನಡುವ ಒಂದು ಹಾಡು ಬರ್ತಿತ್ತು, ಅದರಾಗ ಶಬ್ದನ ಇಲ್ಲ. ಮೊದಲ ಪಿಯಾನೋ, ಆಮ್ಯಾಲೆ ಒಬ್ಬ ಹೆಣ್ಣುಮಗಳು ಬರೇ ಆ-ಕಾರದಾಗ ಹಾಡ್ತಾಳ. ಅಳ್ತಾಳೋ, ಕೂಗ್ತಾಳೋ, ಸಮಾಧಾನ ಮಾಡ್ತಾಳೋ ಹೇಳಲಿಕ್ಕೆ ಬರೂದಿಲ್ಲ. ನಮ್ಮವ್ವ ಒಂದ್ ಸಲ ಹಿತ್ತಲದಿಂದ ಒಳಗ ಬಂದು, "ಯಾರ ಮನ್ಯಾಗ ಯಾರು ಹೋದ್ರ?" ಅಂತ ಗಾಬ್ರಿಯಾಗಿ ಕೇಳಿದ್ಲು. ನಾವಿಬ್ರೂ ನಕ್ಕೇ ನಕ್ಕಿವಿ.

ಮುಂದ ಎಷ್ಟೋ ವರ್ಷಕ್ಕ ಓದಿದಾಗ ಗೊತ್ತಾತು, ಆ ಹಾಡು ಇರೂದೇ ಸಾವಿನ ಮ್ಯಾಲೆ. ನಮ್ಮವ್ವ ಎಸ್ಸೆಸ್ಸೆಲ್ಸಿನೂ ಓದಿದಾಕಿ ಅಲ್ಲ, ಇಂಗ್ಲೀಷ್ ಬರ್ತಿದ್ದಿಲ್ಲ. ಗೋಡಿ ಆ ಕಡೆಯಿಂದ ಕೇಳಿ ಒಂದೇ ಸಲಕ್ಕ ಅರ್ಥ ಮಾಡ್ಕೊಂಡಿದ್ಲು.

ಆ ಕ್ಯಾಸೆಟ್ಟಿನ ಆಲ್ಬಮ್ ಹೆಸರು 'ದಿ ಡಾರ್ಕ್ ಸೈಡ್ ಆಫ್ ದ ಮೂನ್'. ಅಂದಿನಿಂದ ಇಂದಿನ ತನಕಾ ನನ್ನ ಮೆಚ್ಚಿನ ಆಲ್ಬಮ್ ಅದು. ಹೋದ ದೀಪಾವಳಿಗೆ ಮಗ ಬಂದಾಗ ಅದನ್ನ ಲಾಸ್‌ಲೆಸ್ ಫೈಲಿನ್ಯಾಗ ಕಂಪ್ಯೂಟರಿಗೆ ಹಾಕಿ, ವೈರಿನ ಹೆಡ್‌ಫೋನ್ ಒಂದು ಬಿಟ್ಟು ಹೋದ. ಮಧ್ಯಾಹ್ನ ಎಲ್ಲಾ ಕೆಲಸಾ ಮುಗಿಸಿ ಕಣ್ಣು ಮುಚ್ಚಿ ಕೂತು ಕೇಳಿದೆ. 35 ವರ್ಷದ ಮ್ಯಾಲೆ ಕೇಳಿದ್ದ ಹಾಡನ್ನೇ ಮೊದಲನೇ ಸಲ ಕೇಳಿದಂಗ ಆತು. ಅವತ್ತಿನಿಂದ ಅದರ ಇತಿಹಾಸ ಹುಡುಕಿ ಹುಡುಕಿ ಓದೀನಿ. ಅದನ್ನ ನಿಮಗ ಹೇಳಬೇಕು.

ಮೊದಲ ಹಾಡು ಎಲ್ಲಿ ಹುಟ್ಟಿತು ಅಂತ ಹೇಳ್ತೀನಿ. ಲಂಡನ್ನಿನ್ಯಾಗ ಆಬಿ ರೋಡ್ ಅಂತ ರಸ್ತೆ ಅದ. ಅಲ್ಲಿ ಇಎಂಐ ಕಂಪನಿ ಸ್ಟುಡಿಯೋ 1931ರಾಗ ಶುರು ಆತು. ಬೀಟಲ್ಸ್ ಅನ್ನೋರು ಹಾಡಿದ್ದೂ ಅಲ್ಲೇ. ನಿಮ್ಮಲ್ಲಿ ಕೆಲವರ ಅಜ್ಜನ ಮನ್ಯಾಗ ಗ್ರಾಮೋಫೋನ್ ಇತ್ತಲ್ಲ, ಹಾರ್ನಿನ ಮುಂದ ನಾಯಿ ಕೂತಿರೋ ಚಿತ್ರದ ಎಚ್‌ಎಂವಿ ರೆಕಾರ್ಡ್ ಇದ್ವಲ್ಲ, ಆ ಗ್ರಾಮೋಫೋನ್ ಕಂಪನಿ ಮತ್ತ ಕೊಲಂಬಿಯಾ ಕಂಪನಿ ಅದೇ ವರ್ಷ ಕೂಡಿ ಆದದ್ದೇ ಇಎಂಐ. ಅಂದ್ರ ನಾವು ತಿಳಕೊಂಡಷ್ಟು ದೂರದ ಮನಿ ಏನಲ್ಲ ಅದು.

ಪಿಂಕ್ ಫ್ಲಾಯ್ಡ್ ಅಂದ್ರ ಆಗ ನಾಲ್ಕು ಮಂದಿ. ರಾಜರ್ ವಾಟರ್ಸ್, ಡೇವಿಡ್ ಗಿಲ್ಮೋರ್, ರಿಚರ್ಡ್ ರೈಟ್, ನಿಕ್ ಮೇಸನ್. 1972ರ ಬ್ಯಾಸಿಗ್ಯಾಗ ಈ ಆಲ್ಬಮ್ ರೆಕಾರ್ಡ್ ಮಾಡಲಿಕ್ಕೆ ಹತ್ತಿ, 1973ರ ಶುರುವಿಗೆ ಮುಗಿಸಿ, ಆ ಮಾರ್ಚಿನ್ಯಾಗ ಹೊರಗ ತಂದ್ರು. ವಿಷಯ ಏನಂದ್ರ ಮನುಷ್ಯಾನ್ನ ಕಾಡೋ ಸಂಗತಿಗೋಳು: ಟೈಮ್ ಹೋಗೂದು, ರೊಕ್ಕ, ಸಾವು, ತಲಿ ಕೆಡೋದು. ಅವರ ಜೋಡಿ ಮೊದಲಿದ್ದ ಸಿಡ್ ಬ್ಯಾರೆಟ್ ಅನ್ನೋ ಗೆಳೆಯನ ಮನಸ್ಸು ಕೆಟ್ಟು ಅವಾ 1968ರಾಗ ಬ್ಯಾಂಡಿನಿಂದ ಹೊರಗ ಬಿದ್ದಿದ್ದ. ಆ ಸಂಕಟನೂ ಇದರಾಗ ಅದ. ಅಮೇರಿಕಾದ ಬಿಲ್‌ಬೋರ್ಡ್ ಪಟ್ಟಿಯೊಳಗ ಈ ಆಲ್ಬಮ್ 700 ವಾರಕ್ಕಿಂತ ಹೆಚ್ಚು ಇತ್ತು. ಕೋಟಿಗಟ್ಟಲೆ ಪ್ರತಿ ಖರ್ಚಾಗ್ಯಾವ.

ಇದರಾಗ ಹಾಡಿನಕಿಂತ ಸಪ್ಪಳದ ಕೆಲಸ ಭಾಳ ಅದ, ಮತ್ತ ಅದೆಲ್ಲಾ ಕೈಲೇ ಮಾಡಿದ್ದು. ಶುರುವಿಗೆ ಎದಿಬಡಿತ ಕೇಳಸ್ತದಲ್ಲ, ಅದು ನಿಕ್ ಮೇಸನ್‌ನ ದೊಡ್ಡ ಡ್ರಮ್ಮು. 'ಟೈಮ್' ಹಾಡಿನ ಮೊದಲಿಗೆ ಗಡಿಯಾರೆಲ್ಲಾ ಒಮ್ಮೆಲೆ ಹೊಡೀತಾವ. ಆಲನ್ ಪಾರ್ಸನ್ಸ್ ಅಂತ ಸ್ಟುಡಿಯೋದ ಇಂಜಿನಿಯರ್ ಇದ್ದ, 24 ವರ್ಷದ ಹುಡುಗ. ಅವಾ ಹಳೇ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದು ಗಡಿಯಾರದ ಸಪ್ಪಳಾ ಬ್ಯಾರೆ ಬ್ಯಾರೆ ಟೇಪ್ ಮಾಡ್ಕೊಂಡು ಬಂದು, ಆಮ್ಯಾಲೆ ಕೂಡಿಸ್ಯಾನ.

'ಮನಿ' ಹಾಡಿನ ಶುರುವಿಗೆ ಚಿಲ್ಲರೆ ರೊಕ್ಕ ಬೀಳೋ ಸಪ್ಪಳ ಬರ್ತದ. ರಾಜರ್ ವಾಟರ್ಸ್‌ನ ಹೆಂಡ್ತಿ ಜೂಡಿ ಮಣ್ಣಿನ ಪಾತ್ರಿ ಮಾಡೋ ಕಲಾವಿದೆ. ಅಕಿ ಮಣ್ಣು ಕಲಸೋ ಬೋಗುಣ್ಯಾಗ ಇವಾ ನಾಣ್ಯ ಚೆಲ್ಲಿ ಆ ಸಪ್ಪಳಾ ಹಿಡದಾನ. ನೋಡ್ರಿ, ರೊಕ್ಕದ ಹಾಡಿಗೂ ಹೆಂಡ್ತಿ ಬೋಗುಣೀನ ಬೇಕಾತು! ಆಮ್ಯಾಲೆ ಟೇಪು ಸ್ಕೇಲ್ ಹಿಡದು ಅಳದು, ಕತ್ರಿಸಿ ಅಂಟಿಸಿ, ಏಳು ಬಡಿತದ ಒಂದು ಕುಣಿಕಿ ಮಾಡಿದ್ರು. ಏಳು ಮಾತ್ರೆ ಅಂದ್ರ ನಮ್ಮ ರೂಪಕ ತಾಳದಷ್ಟು. ನಾ ಬೆರಳ ಮ್ಯಾಲೆ ಎಣಿಸಿ ನೋಡೀನಿ, ಬರೋಬ್ಬರಿ ಕೂಡ್ತದ.

ಈಗ ಆ ಶಬ್ದಿಲ್ಲದ ಹಾಡಿಗೆ ಬರ್ತೀನಿ. ಅದರ ಹೆಸರು 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಪಿಯಾನೋದ ಭಾಗ ರಿಚರ್ಡ್ ರೈಟ್ ಮಾಡಿದ್ದ. ಅದರ ಮ್ಯಾಲೆ ಏನು ಬೇಕು ಅನ್ನೂದು ಅವರಿಗೆ ಕಡೀತನಕಾ ಬಗಿಹರಿದಿದ್ದಿಲ್ಲ. ಕಡೀಕ ಯಾರರ ಹೆಣ್ಣುಮಗಳ ಕಡೆ ಹಾಡಿಸೂಣು ಅಂತಾತು. ಆಲನ್ ಪಾರ್ಸನ್ಸ್‌ಗೆ ಕ್ಲೇರ್ ಟೋರಿ ಅಂತ ಒಬ್ಬಾಕಿ ನೆನಪಾದ್ಲು. 25 ವರ್ಷದಾಕಿ, ಕರದಲ್ಲಿ ಹೋಗಿ ಹಾಡಿ ಕೂಲಿ ತಗೊಂಡು ಬರೋ ಸ್ಟುಡಿಯೋ ಗಾಯಕಿ. ಶನಿವಾರ ಕರದ್ರ ಅಕಿ ಬರೂದಿಲ್ಲ ಅಂದ್ಲು, ಚಕ್ ಬೆರಿ ಕಾರ್ಯಕ್ರಮಕ್ಕ ಟಿಕೇಟ್ ತಗೊಂಡಿದ್ಲು. ಹಂಗಾಗಿ 1973ರ ಜನವರಿ 21, ರವಿವಾರ ಸಂಜಿಮುಂದ ಗೊತ್ತಾತು. ರವಿವಾರ ಅಂತ ಡಬಲ್ ಕೂಲಿ, 30 ಪೌಂಡು.

ಅಕಿ ಬಂದ ಮ್ಯಾಲೆ, "ಇದು ಸಾವಿನ ವಿಷಯ, ಶಬ್ದ ಬ್ಯಾಡ, ಹಾಡು" ಅಂತ ಇಷ್ಟೇ ಹೇಳಿದ್ರಂತ. ರಾಗ ಕೊಡಲಿಲ್ಲ, ಸ್ವರ ಬರದು ಕೊಡಲಿಲ್ಲ. ಅಕಿ ಮೊದಲ ರೂಢಿ ಪ್ರಕಾರ ಒಂದೆರಡು ಶಬ್ದ ಹಾಕಿ ಹಾಡಿದ್ಲು, ಅವರು ಬ್ಯಾಡ ಅಂದ್ರು. ಆಮ್ಯಾಲೆ ಅಕಿ, ನಾನೂ ಒಂದು ವಾದ್ಯ ಅಂತ ತಿಳಕೊಂಡು ಹಾಡೂದು ಅಂತ ಠರಾಯಿಸಿದ್ಲು. ಎರಡೂವರೆ ಸಲ ಹಾಡಿದ್ಲು, ಮೂರನೇದ್ದು ಅರ್ಧಕ್ಕ ನಿಲ್ಲಿಸಿದ್ಲು, ಮತ್ತ ಮತ್ತ ಅದನ್ನೇ ಹಾಡ್ಲಿಕ್ಹತ್ತೀನಿ ಅನಿಸಿತು ಅಂತ. ಅವುಗಳೊಳಗಿಂದ ಛಲೋ ಛಲೋ ತುಣುಕು ಆರಿಸಿ ಜೋಡಿಸಿದ್ದನ್ನೇ ನಾವಿವತ್ತು ಕೇಳ್ತೀವಿ. ಬ್ಯಾಂಡಿನವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಇದನ್ನ ಇವರು ಹಾಕೂದಿಲ್ಲ ಬಿಡು ಅಂದ್ಕೊಂಡು ಮನಿಗೆ ಹೋದ್ಲು. ಮುಂದ ರೆಕಾರ್ಡಿನ ಅಂಗಡ್ಯಾಗ ಆಲ್ಬಮ್ ಕಂಡು, ಹೊದಿಕಿ ತಗದು ನೋಡಿದಾಗ ತನ್ನ ಹೆಸರು ಕಾಣಿಸ್ತು.

ಹೆಸರಿತ್ತು, ಖರೆ. ಆದ್ರ ಹಾಡಿದಾಕಿ ಅಂತ ಇತ್ತು. ಹಾಡು ಕಟ್ಟಿದವರ ಜಾಗಾದಾಗ ರಿಚರ್ಡ್ ರೈಟ್ ಒಬ್ಬನ ಹೆಸರು. ರಾಯಲ್ಟಿ ರೊಕ್ಕ ಹೋಗೂದು ಕಟ್ಟಿದವರಿಗೆ. ಅಕಿಗೆ ಆ 30 ಪೌಂಡು ಅಷ್ಟೇ.

ನಮ್ಮ ಧಾರವಾಡದ ಕಡೆ ಮಂದಿಗೆ ಇದನ್ನ ಬಿಡಿಸಿ ಹೇಳೂದು ಬೇಕಾಗಿಲ್ಲ. ಶಬ್ದಿಲ್ಲದ ಆಲಾಪ ಕೇಳಿ ಬೆಳದವರು ನಾವು. ಗಂಗೂಬಾಯಿ ಹಾನಗಲ್ ಅವರು ಆ-ಕಾರ ಹಚ್ಚಿದ್ರ ಯಾರರ "ಇದರಾಗ ಶಬ್ದ ಎಲ್ಲಿ ಅವ, ಇವರೇನು ಕಟ್ಯಾರ?" ಅಂತ ಕೇಳ್ತಿದ್ರೇನು? ಹಾರ್ಮೋನಿಯಂ ಹಿಡದಾಂವ ದೊಡ್ಡಾಂವನ, ಅವನಿಲ್ಲದ ನಡಿಯೂದಿಲ್ಲ. ಆದ್ರ ರಾಗದ ಬಢತ್ ಹಾಡಿದವರದು. ರೈಟ್‌ನ ಪಿಯಾನೋ ತಗದ್ರ ಆ ಹಾಡು ನಿಲ್ಲೂದಿಲ್ಲ, ಇದು ಖರೆ. ಕ್ಲೇರ್ ದನಿ ತಗದ್ರ ಯಾರೂ ಅದನ್ನ ನೆನಪಿಡ್ತಿದ್ದಿಲ್ಲ, ಇದೂ ಅಷ್ಟೇ ಖರೆ.

ಕ್ಲೇರ್ ಟೋರಿ 2004ರಾಗ ಬ್ಯಾಂಡಿನ ಮ್ಯಾಲೆ ಮತ್ತ ಇಎಂಐ ಮ್ಯಾಲೆ ಕೇಸ್ ಹಾಕಿದ್ಲು. ನಾ ಹಾಡಿದ ಸ್ವರ ನಾನೇ ಕಟ್ಟಿದ್ದು, ನಾನೂ ಇದರ ಕರ್ತೃ ಅಂತ ಅಕಿ ವಾದ. 2005ರಾಗ ಕೋರ್ಟಿನ ಹೊರಗ ರಾಜಿ ಆತು. ಎಷ್ಟಕ್ಕಾತು ಅನ್ನೂದನ್ನ ಹೊರಗ ಹೇಳಲಿಲ್ಲ. ಆದ್ರ ಅಲ್ಲಿಂದ ಮುಂದ ಬಂದ ಪ್ರತಿಗಳ ಮ್ಯಾಲೆ ಹಾಡು ಕಟ್ಟಿದವರು ರಿಚರ್ಡ್ ರೈಟ್ ಮತ್ತ ಕ್ಲೇರ್ ಟೋರಿ ಅಂತ ಇಬ್ಬರ ಹೆಸರೂ ಅವ. 1973ರಿಂದ 2005, ಲೆಕ್ಕ ಹಾಕ್ರಿ, 32 ವರ್ಷ. ಅಷ್ಟು ವರ್ಷ ಜಗತ್ತೆಲ್ಲಾ ಅಕಿ ದನಿ ಕೇಳ್ತಿತ್ತು, ಅಕಿ ಲೆಕ್ಕದಾಗ ಇದ್ದಿಲ್ಲ. ನಮ್ಮಣ್ಣನ ಕ್ಯಾಸೆಟ್ ಮ್ಯಾಲಂತೂ ಹಾಡಿದಾಕಿ ಅಂತನೂ ಹೆಸರಿದ್ದಿಲ್ಲ.

ಇನ್ನ ಈ ಲಾಸ್‌ಲೆಸ್ ಅಂದ್ರೇನು ಅಂತ ಕೇಳ್ತೀರಿ. ನನಗೂ ಗೊತ್ತಿದ್ದಿಲ್ಲ, ಮಗ ತಿಳಿಸಿ ಹೇಳಿದ, ನಾ ನಮ್ಮ ಭಾಷಾದಾಗ ಹೇಳ್ತೀನಿ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿ ಮಾಡಿದಾಗೆಲ್ಲಾ ಸ್ವಲ್ಪ ಹಾಡು ಸೋರ್ತದ, ಸ್ವಲ್ಪ ಸುಸ್ಸ್ ಅನ್ನೋ ಸಪ್ಪಳಾ ಕೂಡ್ತದ. ನಮ್ಮಣ್ಣಂದು ಮೂರನೇ ಕಾಪಿನೋ ನಾಲ್ಕನೇದೋ. 1982ರಾಗ ಸೋನಿ ಮತ್ತ ಫಿಲಿಪ್ಸ್ ಕೂಡಿ ಸಿಡಿ ತಂದ್ರು. ಅದರಾಗ ದನಿಯನ್ನ ಒಂದು ಸೆಕೆಂಡಿಗೆ 44,100 ಸಲ ಅಳದು ಅಂಕಿ ಬರದಿಡ್ತಾರ. ಅಂಕಿ ಕಾಪಿ ಮಾಡಿದ್ರ ಸವೆಯೂದಿಲ್ಲ. ಆದ್ರ ಆ ಅಂಕಿ ಭಾಳ ಜಾಗಾ ತಿಂತಾವ. 43 ನಿಮಿಷದ ಈ ಆಲ್ಬಮ್ಮಿಗೆ ಸುಮಾರು 450 ಎಂಬಿ ಬೇಕು.

ಅದಕ್ಕ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಎಂಪಿ3 ಮಾಡಿದ್ರು. ಅದರ ಯುಕ್ತಿ ಹಿಂಗದ. ಕುಕ್ಕರ್ ಸೀಟಿ ಹೊಡಿಯೂ ಮುಂದ ನಳದ ಹನಿ ಬೀಳೂದು ನಮಗ ಕೇಳಸೂದಿಲ್ಲ. ಹೆಂಗೂ ಕೇಳಸೂದಿಲ್ಲ ಅಂದ ಮ್ಯಾಲೆ ಹನಿ ಯಾಕ ಬರದಿಡಬೇಕು, ಬಿಟ್ಟುಬಿಡು ಅಂತದ ಆ ಲೆಕ್ಕ. ದೊಡ್ಡ ದನಿ ಇದ್ದಲ್ಲಿ ಸಣ್ಣ ದನಿ ತಗದು ಒಗೀತದ. ಸಣ್ಣ ಎಂಪಿ3 ಮಾಡಿದ್ರ 450 ಎಂಬಿ ಇದ್ದದ್ದು 40ಕ್ಕ ಇಳೀತದ. ಬೀಸಿದ ಹಿಟ್ಟು ಸಣ್ಣ ಜರಡಿಯಾಗ ಸೋಸಿದಂಗ. ಹಿಟ್ಟು ನುಣ್ಣಗ ಬರ್ತದ, ತೌಡು ತಿಪ್ಪಿಗೆ ಹೋಗ್ತದ, ಮತ್ತ ಅದು ತಿರುಗಿ ಬರೂದಿಲ್ಲ.

ಇಲ್ಲೊಂದು ಮಜಾ ಕೇಳ್ರಿ. ಎಂಪಿ3 ಮಾಡಿದವರೊಳಗ ಮುಖ್ಯ ಆದಾಂವ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್. ಅವರ ಲೆಕ್ಕ ಬ್ಯಾರೆ ಹಾಡಿಗೆ ನಡೀತು, ಆದ್ರ ಸುಝಾನ್ ವೇಗಾ ಅನ್ನೋ ಹೆಣ್ಣುಮಗಳು ವಾದ್ಯಿಲ್ಲದ ಒಬ್ಬಾಕೀನ ಹಾಡಿದ 'ಟಾಮ್ಸ್ ಡೈನರ್' ಅನ್ನೋ ಹಾಡಿಗೆ ಬಂದು ಎಡವಿತು. ದನಿ ಕೆಟ್ಟು ಹೋತು. ಆ ಹಾಡನ್ನೇ ಮತ್ತ ಮತ್ತ ಹಚ್ಚಿ ಕೇಳಿ ತಮ್ಮ ಲೆಕ್ಕ ತಿದ್ದಿಕೊಂಡ್ರು. ಮುಚ್ಚಿಕೊಳ್ಳಲಿಕ್ಕೆ ಮತ್ತೊಂದು ಸಪ್ಪಳ ಇಲ್ಲದ ಹೆಣ್ಣಿನ ದನಿ ಮುಂದ ಯಂತ್ರದ ತಪ್ಪು ಬೈಲಿಗೆ ಬಿತ್ತು.

ಲಾಸ್‌ಲೆಸ್ ಹಂಗಲ್ಲ, ಅದು ಏನೂ ಒಗಿಯೂದಿಲ್ಲ. ನನ್ನ ಕಂಪ್ಯೂಟರಿನ್ಯಾಗ ಇರೂದು ಫ್ಲ್ಯಾಕ್ ಅನ್ನೋ ನಮೂನಿ. ಜಾಶ್ ಕೋಲ್ಸನ್ ಅನ್ನಾಂವ ಮಾಡಿ 2001ರಾಗ ಎಲ್ಲಾರಿಗೂ ಪುಕ್ಕಟೆ ಬಿಟ್ಟಿದ್ದು. ಇದರ ಯುಕ್ತಿ ನಮ್ಮ ಹಾಲಿನ ಲೆಕ್ಕದ್ದು. ನಾವು ದಿನಾ ಅರ್ಧ ಲೀಟರ್ ತಗೋತೀವಿ ಅಂತ ಕ್ಯಾಲೆಂಡರಿನ ಮ್ಯಾಲೆ ದಿನಾ ಬರೀತೀವೇನು? ಇಲ್ಲ. ಹೆಚ್ಚಿಗಿ ತಗೊಂಡ ದಿನ, ಬಿಟ್ಟ ದಿನ ಅಷ್ಟೇ ಗುರ್ತು ಹಾಕ್ತೀವಿ. ತಿಂಗಳಾ ಮುಗಿದ ಮ್ಯಾಲೆ ಒಂದು ಹನಿ ತಪ್ಪದ ಪೂರ್ತಿ ಲೆಕ್ಕ ಸಿಗ್ತದ. ಫ್ಲ್ಯಾಕ್ ಸೈತ ಮುಂದಿನ ಅಂಕಿ ಇಷ್ಟಿರಬಹುದು ಅಂತ ಹಿಂದಿನ ಅಂಕಿ ನೋಡಿ ಊಹಾ ಮಾಡ್ತದ, ಊಹಾಕ್ಕೂ ಖರೇಕ್ಕೂ ಇರೋ ಫರಕ ಅಷ್ಟೇ ಬರದಿಡ್ತದ. ಜಾಗಾ ಹೆಚ್ಚುಕಡಿಮಿ ಅರ್ಧಕ್ಕ ಇಳೀತದ, ಬಿಚ್ಚಿದಾಗ ಸಿಡಿಯಾಗಿದ್ದ ಅಂಕಿ ಒಂದೂ ಬಿಡದ ಬರ್ತಾವ.

ಒಂದು ಮಾತು ಖರೇ ಹೇಳಬೇಕು. ಛಲೋ ದರ್ಜೆದ ಎಂಪಿ3 ಆದ್ರ ಭಾಳ ಮಂದಿಗೆ ಅದಕ್ಕೂ ಲಾಸ್‌ಲೆಸ್‌ಗೂ ಫರಕ ಗೊತ್ತಾಗೂದಿಲ್ಲ. ಮಗ ಹೇಳದ ಎರಡೂ ಹಚ್ಚಿದಾಗ ನಾನೂ ತಪ್ಪೀನಿ. ಮತ್ತ ಬ್ಲೂಟೂತ್ ಹೆಡ್‌ಫೋನಿನ್ಯಾಗ ಕೇಳಿದ್ರ ಸಾಮಾನ್ಯವಾಗಿ ಅದು ದಾರ್ಯಾಗ ಮತ್ತ ಸೋಸ್ತದ, ವೈರಿಂದೇ ಬೇಕು. ಆದ್ರ ಮೂರನೇ ಕಾಪಿ ಕ್ಯಾಸೆಟ್ಟಿಗೂ ಇದಕ್ಕೂ ಫರಕ ತಿಳೀಲಿಕ್ಕೆ ಕಿವಿ ಚುರುಕೇನೂ ಬೇಕಾಗಿಲ್ಲ.

ನನಗೇನು ಕೇಳಿಸ್ತು ಅಂತ ಹೇಳ್ತೀನಿ. ಗಡಿಯಾರ ಬ್ಯಾರೆ ಬ್ಯಾರೆ ಕೇಳಿಸಿದ್ವು, ಒಂದು ಎಡಕ್ಕ, ಒಂದು ಬಲಕ್ಕ. ಕ್ಲೇರ್ ದನಿ ಮ್ಯಾಲೇರಿ ಮ್ಯಾಲೇರಿ ಕಡೀಕ ಸಣ್ಣ ಆಗ್ತದಲ್ಲ, ಕ್ಯಾಸೆಟ್ಟಿನ್ಯಾಗ ಅದು ಸುಸ್ಸ್ ಅನ್ನೂದರಾಗ ಮುಳುಗಿ ಹೋಗ್ತಿತ್ತು. ಈಗ ದನಿ ದಣಿಯೂದು, ನಡುಗೂದು, ಆಮ್ಯಾಲೆ ತನ್ನಷ್ಟಕ್ಕ ತಾನೇ ಶಾಂತ ಆಗೂದು ಎಲ್ಲಾ ಕೇಳಸ್ತದ. ಹಾಡಿನ ನಡುವ, ಭಾಳ ಹಿಂದ, ಒಬ್ಬ ಹೆಣ್ಣುಮಗಳು ಮೆಲ್ಲಕ ಏನೋ ಮಾತಾಡಿದ್ದೂ ಕೇಳಿಸ್ತು. ಇಷ್ಟು ವರ್ಷ ನನಗದು ಇತ್ತು ಅಂತನೇ ಗೊತ್ತಿದ್ದಿಲ್ಲ. ಓದಿದ್ರ ಗೊತ್ತಾತು, ಅದು ಬ್ಯಾಂಡಿನ ಸಾಮಾನು ನೋಡಿಕೊಳ್ಳೋ ಪೀಟರ್ ವಾಟ್ಸ್ ಅನ್ನಾವನ ಹೆಂಡ್ತಿ ಪಡ್ಡಿ ವಾಟ್ಸ್ ದನಿ. ವಾಟರ್ಸ್ ಸ್ಟುಡಿಯೋದಾಗ ಸಿಕ್ಕಸಿಕ್ಕವರಿಗೆಲ್ಲಾ ಕಾರ್ಡಿನ ಮ್ಯಾಲೆ ಪ್ರಶ್ನೆ ಬರದು ಕೊಟ್ಟು ಉತ್ತರಾ ಟೇಪ್ ಮಾಡಿದ್ದ. ಸ್ಟುಡಿಯೋದ ಬಾಗಲಾ ಕಾಯಾಂವ ಜೆರಿ ಓಡ್ರಿಸ್ಕಾಲ್ ಮಾತೂ ಆಲ್ಬಮ್ಮಿನ್ಯಾಗ ಅದ. ಪಾಲ್ ಮೆಕಾರ್ಟ್ನಿಯಂಥ ದೊಡ್ಡವನ ಉತ್ತರಾನೂ ತಗೊಂಡಿದ್ರು, ಅದನ್ನ ಹಾಕಲಿಲ್ಲ. ಬಾಗಲಾ ಕಾಯಾವನ ಮಾತು ಉಳೀತು.

ಹಿಂದ ಕೋರಸ್ ಹಾಡಿದವರು ನಾಲ್ಕು ಮಂದಿ: ಡಾರಿಸ್ ಟ್ರಾಯ್, ಲೆಸ್ಲಿ ಡಂಕನ್, ಲೀಝಾ ಸ್ಟ್ರೈಕ್, ಬ್ಯಾರಿ ಸೇಂಟ್ ಜಾನ್. ಕಡೀ ಹೆಸರು ಗಂಡಸಿಂದು ಅನಸ್ತದ, ಅಕೀನೂ ಹೆಣ್ಣುಮಗಳೇ. ಈಗ ಆ ಆಲ್ಬಮ್ ಹಚ್ಚಿದ್ರ ನನಗ ನಾಲ್ಕು ಗಂಡಸರ ಬ್ಯಾಂಡ್ ಅನಸೂದೇ ಇಲ್ಲ. ಮನಿ ತುಂಬಾ ಹೆಣ್ಣುಮಕ್ಕಳು ಓಡ್ಯಾಡಿದಂಗ ಅನಸ್ತದ.

ಈಗ ನಮ್ಮನಿ ಮಾತು. ನಮ್ಮ ಮಾವುಶಿ ಆರತಿ ಹಾಡು, ತೊಟ್ಟಿಲ ಹಾಡು ಭಾಳ ಛಂದ ಹಾಡ್ತಿದ್ಲು. ನಿಮ್ಮೊಳಗ ಎಷ್ಟೋ ಮಂದಿ ಮದಿವ್ಯಾಗ ಹಸೆ ಮ್ಯಾಲೆ ಕೂತಾಗ ಹಾಡಿದಾಕಿ ಅಕೀನ. ಅಕಿ ಇರೂ ಮುಂದ ಒಂದ್ ಸಲ ನಾ ಹಳೇ ಮೊಬೈಲಿನ್ಯಾಗ ಅಕಿ ಹಾಡು ರೆಕಾರ್ಡ್ ಮಾಡಿದ್ದೆ. ಜಾಗಾ ಉಳೀಲಿ ಅಂತ ಎಲ್ಲಾಕ್ಕಿಂತ ಕಡಿಮಿ ಗುಣಮಟ್ಟದಾಗ ಇಟ್ಟಿದ್ದೆ. ಅಕಿ ಹೋಗಿ ಆರು ವರ್ಷಾತು. ಮೊನ್ನೆ ಅದೇ ಹೆಡ್‌ಫೋನ್ ಹಾಕ್ಕೊಂಡು ಆ ಹಾಡು ಹಚ್ಚಿದೆ. ತಗಡಿನ ಡಬ್ಬಿಯೊಳಗಿಂದ ಹಾಡಿದಂಗ ಕೇಳಸ್ತದ. ಮಗನ್ನ ಕೇಳಿದೆ, ಇದನ್ನೂ ಲಾಸ್‌ಲೆಸ್ ಮಾಡಿಕೊಡಪಾ ಅಂತ. ಅವಾ ಹೇಳಿದ, "ಅಮ್ಮಾ, ಫ್ಲ್ಯಾಕ್ ಮಾಡಬಹುದು, ಆದ್ರ ಮೊದಲೇ ಹೋದದ್ದು ಬರೂದಿಲ್ಲ. ಡಬ್ಬಿ ದನೀನೇ ಜೋಪಾನ ಆಗ್ತದ ಅಷ್ಟೇ."

ನಾ ಸುಮ್ಮನ ಕೂತುಬಿಟ್ಟೆ. ಮ್ಯಾಲೆ ಆ ಫೈಲಿನ ಹೆಸರು ನೋಡಿದೆ. 'ಆಡಿಯೋ 43' ಅಂತಿತ್ತು. ಕ್ಲೇರ್ ಟೋರಿಗೆ 32 ವರ್ಷ ಅನ್ಯಾಯಾತು ಅಂತ ಮಾರುದ್ದ ಬರದೆ, ನಮ್ಮ ಮಾವುಶಿ ಹೆಸರನ್ನ ನಾನೇ ಹಾಕಿದ್ದಿಲ್ಲ ನೋಡ್ರಿ. ಆ ಹಾಡಿನ ಎರಡನೇ ನುಡಿ ಅಕಿ ತಾನೇ ಕಟ್ಟಿ ಸೇರಿಸಿದ್ದು. ಅದು ಯಾರಿಗೆ ಗೊತ್ತದ? ಈಗ ಫೈಲಿಗೆ ಅಕಿ ಪೂರ್ತಿ ಹೆಸರು ಹಾಕೀನಿ, ಹಾಡಿನ ಹೆಸರು ಹಾಕೀನಿ, ಎರಡನೇ ನುಡಿ ಅಕೀದು ಅಂತ ಪಾಟಿಯೊಳಗ ಬರದಿಟ್ಟೀನಿ.

ನಿಮ್ಮ ಮನ್ಯಾಗ ಹಾಡೋ ಅತ್ತಿ, ಅವ್ವ, ಅಜ್ಜಿ ಇನ್ನೂ ಇದ್ರ ಇಷ್ಟು ಮಾಡ್ರಿ. ಮೊಬೈಲಿನ ರೆಕಾರ್ಡರ್ ತಗದು ಸೆಟ್ಟಿಂಗಿನ್ಯಾಗ ಗುಣಮಟ್ಟ ಎಲ್ಲಾಕ್ಕಿಂತ ಹೆಚ್ಚಿಗಿಡ್ರಿ, ವೇವ್ ಅಂತ ಇದ್ರ ಅದನ್ನ ಆರಸ್ರಿ. ಫ್ಯಾನ್ ಬಂದ್ ಮಾಡ್ರಿ, ಕುಕ್ಕರ್ ಇಳಸ್ರಿ. ಆಮ್ಯಾಲೆ ಬಂಧುಗಳಿಗೆ ಕಳಸೂ ಮುಂದ ವಾಯ್ಸ್ ಮೆಸೇಜಾಗಿ ಕಳಸಬ್ಯಾಡ್ರಿ, ಅದು ಸೋಸ್ತದ. ಡಾಕ್ಯುಮೆಂಟ್ ಅಂತ ಹಚ್ಚಿ ಕಳಸ್ರಿ, ಇದ್ದದ್ದು ಇದ್ದಂಗ ಹೋಗ್ತದ. ಮತ್ತ ಹಾಡಿದಾಕಿ ಹೆಸರು ಮೊದಲ ಹಾಕ್ರಿ. ಅಕಿ ಏನರ ತನ್ನದು ಸೇರಿಸಿದ್ರ ಅದನ್ನೂ ಬರೀರಿ.

ಮಾವುಶಿ ಆರತಿ ಹಾಡು ಯಾರಿಗರ ಬೇಕಾದ್ರ ಹೇಳ್ರಿ, ಕಳಸ್ತೀನಿ. ಡಬ್ಬಿ ದನೀನೇ ಅದ, ಆದ್ರ ಅಕೀದೇ ಅದ. ಬರಲಾ ಮತ್ತ, ಸಂಜಿ ದೀಪದ ಹೊತ್ತಾತು.